ಮೂರು ಬೆಕ್ಕಿಗೆ ಮೂರು ತಟ್ಟೆ

ಬೆಳ್ಳಿಯ ಬೆನ್ನು ಸವರುತ್ತಿದ್ದಾಗ ಮೂಳೆಗಳು ಒಂದೊಂದೂ ಜಪಮಣಿಯಂತೆ ಬೆರಳಿಗೆ ತಾಗಿದ ಆ ಸಂಜೆಯನ್ನು ನಾನು ಮರೆತಿಲ್ಲ. ಅವಳಿಗೆ ಆಗ 14 ವರ್ಷ. ಮೈತುಂಬ ಬೂದು ಬಣ್ಣದ ದಟ್ಟ ಕೂದಲಿದ್ದುದರಿಂದ ಸೊರಗಿದ್ದು ಕಣ್ಣಿಗೆ ಬಿದ್ದಿರಲಿಲ್ಲ. ಬೆಳಿಗ್ಗೆ ಅಡುಗೆಮನೆಯ ಮೂಲೆಯಲ್ಲಿ ದೊಡ್ಡ ತಟ್ಟೆಯೊಂದನ್ನು ತುಂಬಿಸಿಡುತ್ತಿದ್ದೆ, ಮಧ್ಯಾಹ್ನ ನೋಡಿದರೆ ಖಾಲಿ. ಮೂರೂ ತಿಂದಿವೆ ಎಂದುಕೊಂಡು ನೆಮ್ಮದಿಯಾಗಿರುತ್ತಿದ್ದೆ. ತಿನ್ನುತ್ತಿದ್ದವನು ಕೆಂಚ ಒಬ್ಬನೇ. ಒಂದೇ ತಟ್ಟೆಯ ಮುಂದೆ ಅವನು ಊದುತ್ತಿದ್ದ, ಇವಳು ಕರಗುತ್ತಿದ್ದಳು. ತಟ್ಟೆ ಖಾಲಿಯಾಗಿದೆ ಎನ್ನುವುದು ಗೊತ್ತಾಗುತ್ತದೆ, ಯಾರು ಖಾಲಿ ಮಾಡಿದರು ಎನ್ನುವುದು ಗೊತ್ತಾಗುವುದಿಲ್ಲ.

ಒಂದಕ್ಕಿಂತ ಹೆಚ್ಚು ಬೆಕ್ಕು ಸಾಕಿರುವವರಿಗೆ ನಾನು ಹೇಳುವುದು ಇಷ್ಟೇ: ತಟ್ಟೆ ತುಂಬಿಸಿಟ್ಟು ಹೋಗುವ ಅಭ್ಯಾಸವನ್ನು ಇವತ್ತೇ ಬಿಡಿ. ಉಳಿದದ್ದೆಲ್ಲ ಆಮೇಲೆ.

ಮಲೆನಾಡಿನಲ್ಲಿದ್ದ ನಮ್ಮ ಅತ್ತೆಯ ಮನೆಯಲ್ಲಿ ಬೆಕ್ಕಿಗೆಂದು ಯಾರೂ ಏನನ್ನೂ ಅಳೆಯುತ್ತಿರಲಿಲ್ಲ. ಊಟವಾದ ಮೇಲೆ ಹಿತ್ತಿಲ ಕಲ್ಲಿನ ಮೇಲೆ ಒಂದು ತುತ್ತು ಮೊಸರನ್ನ, ಅಷ್ಟೇ. ಮೊಸರನ್ನ ತಿಂದೇ ಬೆಕ್ಕು ಗಟ್ಟಿಮುಟ್ಟಾಗಿದೆ ಎಂದು ಎಲ್ಲರೂ ನಂಬಿದ್ದೆವು. ನಿಜವಾಗಿ ಅದನ್ನು ಸಾಕುತ್ತಿದ್ದದ್ದು ಅಟ್ಟದ ಮೇಲಿನ ಇಲಿಗಳು. ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಆಹಾರದಿಂದಲೇ ಸಿಗಬೇಕು, ಸಹಜವಾಗಿ ಅದು ಸಿಗುವುದು ಮಾಂಸ ಮತ್ತು ಮೀನಿನಲ್ಲಿ. ಅದು ತಪ್ಪಿದರೆ ನಿಧಾನವಾಗಿ ಕಣ್ಣು ಮಂಜಾಗುತ್ತದೆ, ಹೃದಯ ಸೋಲುತ್ತದೆ. ಈಗ ನಮ್ಮ ಬೆಕ್ಕುಗಳು ಇಲಿಯ ಮುಖ ನೋಡದೆ ಮುಚ್ಚಿದ ಮನೆಯೊಳಗೆ ಬದುಕುತ್ತಿವೆ. ನಮ್ಮದು ಮಾಂಸ ಬೇಯಿಸದ ಮನೆ. ಆದರೂ ಬೆಕ್ಕನ್ನು ಸಾಕುತ್ತೇವೆಂದು ಒಪ್ಪಿಕೊಂಡ ಮೇಲೆ ಅದರ ಆಹಾರವನ್ನೂ ಒಪ್ಪಿಕೊಳ್ಳಬೇಕು. ಹಿಂದಿನ ಜಗುಲಿಯಲ್ಲಿ ಅದಕ್ಕೆಂದೇ ಒಂದು ಕಪಾಟು, ಚಮಚ, ತಟ್ಟೆಗಳು ಬೇರೆ ಇವೆ. ಅಡುಗೆಮನೆಗೆ ಅವು ಬರುವುದಿಲ್ಲ, ಯಾರ ಮನಸ್ಸೂ ನೋಯುವುದಿಲ್ಲ. ನಾಯಿಯ ಆಹಾರ ಅಗ್ಗವೆಂದು ಅದನ್ನೇ ಬೆಕ್ಕಿಗೂ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ನಾಯಿಯ ಆಹಾರ ಬೆಕ್ಕಿನ ಅಗತ್ಯಕ್ಕೆ ತಕ್ಕಂತೆ ತಯಾರಾದದ್ದಲ್ಲ.

ಬೆಳ್ಳಿಯ ರಕ್ತಪರೀಕ್ಷೆ ಮಾಡಿಸಿದ ಪಶುವೈದ್ಯರು ಮೂತ್ರಪಿಂಡ ಸೋಲುತ್ತಿದೆ ಎಂದರು. ವಯಸ್ಸಾದ ಬೆಕ್ಕುಗಳಲ್ಲಿ ಇದು ತೀರಾ ಸಾಮಾನ್ಯ. ರಂಜಕ ಕಡಿಮೆ ಇರುವ, ಪ್ರೋಟೀನ್ ಹಿತಮಿತವಾಗಿರುವ ಆಹಾರ ಬೇಕು, ಅದೂ ಸಾಧ್ಯವಾದಷ್ಟು ನೀರಿನಂಶವಿರುವಂಥದ್ದು. ಒಣ ಕಾಳಿನಲ್ಲಿ ನೀರು ಶೇ 10ರ ಆಸುಪಾಸಿನಲ್ಲಿದ್ದರೆ, ಡಬ್ಬಿಯಲ್ಲಿ ಬರುವ ತೇವದ ಆಹಾರದಲ್ಲಿ ಶೇ 75ಕ್ಕೂ ಹೆಚ್ಚು. ಚುಕ್ಕಿ ಆಗ ನಾಲ್ಕು ತಿಂಗಳ ಮರಿ. ಮರಿಗೆ ಬೇಕಾದದ್ದು ಬೆಳ್ಳಿಯದಕ್ಕೆ ನೇರ ವಿರುದ್ಧ: ಪ್ರೋಟೀನ್, ಕೊಬ್ಬು, ಕ್ಯಾಲ್ಸಿಯಂ, ರಂಜಕ ಎಲ್ಲವೂ ಧಾರಾಳವಾಗಿರಬೇಕು, ಒಂದು ವರ್ಷ ತುಂಬುವವರೆಗೂ. ಮೂಳೆ ತೆಗೆದ ಕೋಳಿಯನ್ನಷ್ಟೇ ಬೇಯಿಸಿ ಹಾಕಿ ಬೆಳೆಸಿದ ಮರಿಗಳ ಮೂಳೆ ಕ್ಯಾಲ್ಸಿಯಂ ಸಾಲದೆ ಟೊಳ್ಳಾಗಿ, ಸಣ್ಣ ಜಿಗಿತಕ್ಕೂ ಮುರಿಯುವುದುಂಟು. ಇನ್ನು ಕೆಂಚ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಬೆಕ್ಕಿಗೆ ಮೊದಲಿಗಿಂತ ಸುಮಾರು ಕಾಲು ಭಾಗ ಕಡಿಮೆ ಆಹಾರ ಸಾಕು, ಹಸಿವು ಮಾತ್ರ ಮೊದಲಿಗಿಂತ ಹೆಚ್ಚು. 6.4 ಕೆ.ಜಿ. ತೂಗುತ್ತಿದ್ದ.

ಯಾರು ಯಾರದನ್ನು ತಿಂದರೆ ಎಷ್ಟು ಅಪಾಯ ಎಂಬುದನ್ನು ಮೊದಲು ತಿಳಿದುಕೊಂಡರೆ ಕಾವಲು ಎಲ್ಲಿ ಬೇಕೆಂದು ಗೊತ್ತಾಗುತ್ತದೆ. ಬೆಳ್ಳಿಯ ಡಬ್ಬಿಯಲ್ಲಿ ಉಳಿದದ್ದನ್ನು ಕೆಂಚ ಒಂದು ದಿನ ನೆಕ್ಕಿದರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೆ ಬೆಳ್ಳಿ ದಿನವೂ ಮರಿಯ ತಟ್ಟೆಗೆ ಬಾಯಿ ಹಾಕಿದರೆ ಸೋತ ಮೂತ್ರಪಿಂಡದ ಮೇಲೆ ಹೊರೆ ಹೊರಿಸಿದಂತೆ. ಮರಿ ದಿನವೂ ಬೆಳ್ಳಿಯದನ್ನು ತಿಂದರೆ ಅದರ ಬೆಳವಣಿಗೆ ಕುಂಠಿತವಾಗುತ್ತದೆ. ಆಹಾರದಲ್ಲಿ ಔಷಧಿ ಬೆರೆಸಿದ್ದರಂತೂ ಕಣ್ಣು ಬೇರೆ ಕಡೆ ಹೋಗಲೇಬಾರದು.

ನಾನು ಮಾಡಿಕೊಂಡ ವ್ಯವಸ್ಥೆ ಹೀಗಿದೆ. ಬೆಳಿಗ್ಗೆ ಆರೂವರೆ, ರಾತ್ರಿ ಎಂಟು, ಈ ಎರಡು ಹೊತ್ತು ಮೂರಕ್ಕೂ ಊಟ. ಮರಿಗೆ ಮಧ್ಯೆ ಇನ್ನೂ ಎರಡು ಬಾರಿ, ಆರು ತಿಂಗಳಾದ ಮೇಲೆ ಒಂದೇ ಬಾರಿ. ಬೆಳ್ಳಿಯದು ಮಲಗುವ ಕೋಣೆಯಲ್ಲಿ, ಬಾಗಿಲು ಹಾಕಿ. ಮುದಿ ಬೆಕ್ಕು ನಿಧಾನವಾಗಿ ತಿನ್ನುತ್ತದೆ. ನಾಲ್ಕು ತುತ್ತು ತಿಂದು, ಕಿಟಕಿಯತ್ತ ನಡೆದು, ಮತ್ತೆ ಬಂದು ತಿನ್ನುತ್ತದೆ. ಅವಸರ ಮಾಡಿದರೆ ಬಿಟ್ಟೇಬಿಡುತ್ತದೆ. ಫ್ರಿಜ್‌ನಿಂದ ತೆಗೆದ ಆಹಾರವನ್ನು ಅವಳು ಮೂಸಿ ನೋಡಿ ಮುಖ ತಿರುಗಿಸುತ್ತಿದ್ದಳು. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಐದು ನಿಮಿಷ ಇಟ್ಟು, ಬೆರಳಿಗೆ ಉಗುರುಬೆಚ್ಚಗೆ ತಾಗುವಷ್ಟಾದ ಮೇಲೆ ಕೊಟ್ಟರೆ ತಿನ್ನುತ್ತಾಳೆ. ವಯಸ್ಸಾದಾಗ ಮೂಗು ಮಂದವಾಗುತ್ತದೆ, ವಾಸನೆ ಎದ್ದರೆ ತಾನೇ ಹಸಿವು ಏಳುವುದು! ಹೊಸ ಆಹಾರಕ್ಕೆ ಅವಳನ್ನು ಒಗ್ಗಿಸಲು ಹತ್ತು ದಿನ ಹಿಡಿಯಿತು, ಹಳೆಯದರಲ್ಲಿ ಹೊಸದನ್ನು ದಿನದಿನವೂ ಚೂರು ಚೂರೇ ಹೆಚ್ಚಿಸುತ್ತ.

ಕೆಂಚನ ತಟ್ಟೆ ಹಿಂದಿನ ಜಗುಲಿಯಲ್ಲಿ. ಬೆಕ್ಕು ಒಂಟಿಯಾಗಿ ಬೇಟೆಯಾಡಿ ಒಂಟಿಯಾಗಿ ತಿನ್ನುವ ಪ್ರಾಣಿ, ಸಾಲಾಗಿ ಕುಳಿತು ಪಂಕ್ತಿಯಲ್ಲಿ ಉಣ್ಣುವುದು ಅದಕ್ಕೆ ಸುಖವಲ್ಲ. ಒಂದರ ಕಣ್ಣಿಗೆ ಇನ್ನೊಂದು ಬೀಳದಿದ್ದರೆ ಗಬಗಬನೆ ನುಂಗುವುದೂ, ನುಂಗಿದ್ದನ್ನು ಕಕ್ಕುವುದೂ ಕಡಿಮೆಯಾಗುತ್ತದೆ. ಚುಕ್ಕಿಯದು ಊಟದ ಕೋಣೆಯ ಎತ್ತರದ ಕಪಾಟಿನ ಮೇಲೆ. ಅವಳು ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ಕಪಾಟಿಗೆ ಮಿಂಚಿನಂತೆ ಏರುತ್ತಿದ್ದಳು. ಕೆಂಚನಿಗೆ ಆ ಭಾರದಲ್ಲಿ ಕಿಟಕಿಯವರೆಗೂ ಹಾರಲಾಗುತ್ತಿರಲಿಲ್ಲ, ಕೆಳಗೆ ಕುಳಿತು ಮೇಲೆ ನೋಡುತ್ತಿದ್ದ. ಎಂಟು ತಿಂಗಳಲ್ಲಿ ಅವನು 5.2 ಕೆ.ಜಿ.ಗೆ ಇಳಿದ. ಒಂದು ಬೆಳಿಗ್ಗೆ ನೋಡುತ್ತೇನೆ, ಕಪಾಟಿನ ಮೇಲೆ ನಿಂತು ಮರಿಯ ತಟ್ಟೆ ನೆಕ್ಕುತ್ತಿದ್ದಾನೆ! ನನಗಾದ ಸಂತೋಷ ಅಷ್ಟಿಷ್ಟಲ್ಲ. ಆ ದಿನದಿಂದ ಚುಕ್ಕಿಯ ಊಟ ಬಚ್ಚಲಮನೆಯ ಪಕ್ಕದ ಸಣ್ಣ ಕೋಣೆಗೆ ಹೋಯಿತು. ಬೆಕ್ಕುಗಳ ವ್ಯವಸ್ಥೆಯನ್ನು ಆರು ತಿಂಗಳಿಗೊಮ್ಮೆ ಬದಲಿಸಬೇಕಾಗಿಯೇ ಬರುತ್ತದೆ, ಅದಕ್ಕೆ ಬೇಸರಿಸಬಾರದು.

ಇಪ್ಪತ್ತೈದು ನಿಮಿಷ ಕಳೆದ ಮೇಲೆ ಮೂರೂ ತಟ್ಟೆ ಎತ್ತಿಬಿಡುತ್ತೇನೆ. ಬೆಳ್ಳಿ ಉಳಿಸಿದ್ದನ್ನು ಮುಚ್ಚಿಟ್ಟು ಹತ್ತು ಗಂಟೆಗೆ ಅವಳೊಬ್ಬಳಿಗೇ ಮತ್ತೆ ಕೊಡುತ್ತೇನೆ. ಕಚೇರಿಗೆ ಹೋಗುವವರಿಗೆ ಇಷ್ಟು ಕಾಯುವುದು ಕಷ್ಟ. ಚರ್ಮದಡಿಯ ಮೈಕ್ರೊಚಿಪ್ ಗುರುತಿಸಿ ಆ ಒಂದು ಬೆಕ್ಕಿಗೆ ಮಾತ್ರ ಮುಚ್ಚಳ ತೆರೆಯುವ ಬಟ್ಟಲುಗಳಿವೆ. ದುಬಾರಿ, ಆದರೆ ಕಾಯಿಲೆಯ ಬೆಕ್ಕಿದ್ದರೆ ಆ ಹಣ ದಂಡವಲ್ಲ.

ಅಳತೆಯ ವಿಷಯ. ನಾನು ಹಾಕುತ್ತಿದ್ದದ್ದು ಒಂದು ಹಿಡಿ, ನಮ್ಮವರು ಹಾಕುತ್ತಿದ್ದದ್ದೂ ಒಂದು ಹಿಡಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ ನನ್ನದು 35 ಗ್ರಾಂ, ಅವರದು 50. ಕೆಂಚನಿಗೆ ವೈದ್ಯರು ಇಡೀ ದಿನಕ್ಕೆ ಹೇಳಿದ್ದೇ 50 ಗ್ರಾಂ ಒಣ ಆಹಾರ. ಈಗ ಬೆಳಿಗ್ಗೆಯೇ ದಿನದ ಪಾಲನ್ನು ತೂಗಿ ಸಣ್ಣ ಡಬ್ಬಿಗೆ ಹಾಕಿಡುತ್ತೇನೆ. ಯಾರು ಕೊಟ್ಟರೂ ಆ ಡಬ್ಬಿಯಿಂದಲೇ, ಡಬ್ಬಿ ಮುಗಿದರೆ ದಿನ ಮುಗಿಯಿತು. ಬೆಕ್ಕನ್ನು ತೂಗಲು ಪ್ರಯಾಣದ ಚೀಲ ತೂಗುವ ಕೊಕ್ಕೆಯ ತಕ್ಕಡಿ ಒಳ್ಳೆಯದು. ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ, ಬುಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸಿ ಎತ್ತಿ, ಬರಿ ಬುಟ್ಟಿಯ ತೂಕ ಕಳೆಯಿರಿ. ಪ್ರತಿ ಭಾನುವಾರ ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಮೂರು ಅಂಕಿ ಬರೆಯುತ್ತೇನೆ. ನನ್ನ ಕೈ, ಕಣ್ಣು ತಪ್ಪಿದ್ದನ್ನು ಆ ಅಂಕಿಗಳು ತಪ್ಪುವುದಿಲ್ಲ.

ದಪ್ಪಗಿದೆಯೆಂದು ಬೆಕ್ಕನ್ನು ಉಪವಾಸ ಕೆಡವಬೇಡಿ. ಇದನ್ನು ಒತ್ತಿ ಹೇಳುತ್ತೇನೆ. "ಹಸಿದರೆ ತಾನಾಗಿ ತಿನ್ನುತ್ತದೆ" ಎಂಬ ಮಾತು ಬೆಕ್ಕಿಗೆ ಸಲ್ಲದು. ಎರಡು-ಮೂರು ದಿನ ಹೊಟ್ಟೆಗೆ ಏನೂ ಬೀಳದಿದ್ದರೆ, ಅದರಲ್ಲೂ ದಪ್ಪ ಬೆಕ್ಕುಗಳಲ್ಲಿ, ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಜೀವಕ್ಕೇ ಕುತ್ತು ಬರುತ್ತದೆ. ಒಂದು ದಿನ ಪೂರ್ತಿ ಊಟ ಬಿಟ್ಟರೆ ವೈದ್ಯರಿಗೆ ಫೋನ್ ಮಾಡಿ. ಗಂಡು ಬೆಕ್ಕು ಮತ್ತೆ ಮತ್ತೆ ಮರಳ ತಟ್ಟೆಗೆ ಹೋಗಿ ಮುಕ್ಕಿರಿದು, ಮೂತ್ರ ಬಾರದೆ ಒದ್ದಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ, ಆ ಕ್ಷಣವೇ ಕರೆದುಕೊಂಡು ಹೋಗಿ.

ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಯಾವ ಪದಾರ್ಥವೂ ಬೇಡ, ಅದು ಬೆಕ್ಕಿನ ರಕ್ತವನ್ನು ಕೆಡಿಸುತ್ತದೆ. ಹಸಿ ಬೂತಾಯಿ ಮೀನು ದಿನವೂ ಹಾಕಿದರೆ ಬಿ1 ಜೀವಸತ್ವ ನಾಶವಾಗುತ್ತದೆ, ಬೇಯಿಸಿಯೇ ಕೊಡಿ. ಬೆಳೆದ ಬೆಕ್ಕಿಗೆ ಹಾಲು ಬೇಕಿಲ್ಲ, ಹಲವಕ್ಕೆ ಭೇದಿಯಾಗುತ್ತದೆ. ಬೇಸಿಗೆಯಲ್ಲಿ ತೇವದ ಆಹಾರ ಬಹಳ ಹೊತ್ತು ಹೊರಗಿದ್ದರೆ ಕೆಡುತ್ತದೆ. ಇರುವೆ ಕಾಟಕ್ಕೆ ಪುಡಿ ಎರಚಬೇಡಿ, ಅಗಲವಾದ ತಾಟಿನಲ್ಲಿ ನೀರು ಹಾಕಿ ನಡುವೆ ಬಟ್ಟಲು ಇಡಿ. ಬೆಳ್ಳಿ ಆ ತಾಟಿನ ನೀರನ್ನೂ ಕುಡಿಯುತ್ತಾಳೆ, ಅವಳ ಕಾಯಿಲೆಗೆ ಅದು ಒಳ್ಳೆಯದೇ. ನೀರಿನ ಪಾತ್ರೆಗಳನ್ನು ಮನೆಯ ನಾಲ್ಕು ಕಡೆ, ತಟ್ಟೆಯಿಂದ ದೂರದಲ್ಲಿಟ್ಟಿದ್ದೇನೆ.

ಹೋದ ವರ್ಷ ಮಗಳ ಮನೆಯ ಗೃಹಪ್ರವೇಶಕ್ಕೆ ಐದು ದಿನ ಊರಿಗೆ ಹೋಗಬೇಕಾಯಿತು. ಪಕ್ಕದ ಮನೆಯ ಹುಡುಗಿ ನೋಡಿಕೊಳ್ಳುತ್ತೇನೆಂದಳು. ದಿನಕ್ಕೆ ಮೂರರಂತೆ ಡಬ್ಬಿಗಳನ್ನು ತುಂಬಿಸಿ, ಕೆಂಚನದಕ್ಕೆ ಕೆಂಪು ದಾರ, ಬೆಳ್ಳಿಯದಕ್ಕೆ ಬಿಳಿ, ಚುಕ್ಕಿಯದಕ್ಕೆ ಕಪ್ಪು ಕಟ್ಟಿದೆ. ಯಾವ ಕೋಣೆ, ಎಷ್ಟು ಹೊತ್ತು, ಯಾವ ಬಾಗಿಲು ಹಾಕಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿದೆ, ವೈದ್ಯರ ನಂಬರನ್ನೂ. ಎರಡು ಸಂಜೆ ಅವಳನ್ನು ಕರೆದು ನನ್ನ ಮುಂದೆಯೇ ಹಾಕಿಸಿದೆ. ವಾಪಸು ಬಂದವಳು ಕಾಲು ತೊಳೆದು ಮೊದಲು ಬೆಳ್ಳಿಯನ್ನು ಬುಟ್ಟಿಯಲ್ಲಿ ಕೂರಿಸಿ ತೂಗಿದೆ. 3.1 ಕೆ.ಜಿ., ಹೋಗುವಾಗ ಇದ್ದಷ್ಟೇ.