ಇಪ್ಪತ್ತೆರಡು ಸಾವಿರದ ಸ್ಪ್ಲೆಂಡರ್

ಕಲಬುರಗಿಯ ಕಪನೂರು ಇಂಡಸ್ಟ್ರಿಯಲ್ ಏರಿಯಾದ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಮನೆ ಬ್ರಹ್ಮಪುರದಲ್ಲಿ. ತೊಗರಿ ಸೀಸನ್ ಶುರುವಾದರೆ ಮಿಲ್ ಬಿಡುವಾಗ ರಾತ್ರಿ ಒಂಬತ್ತು ದಾಟುತ್ತದೆ. ಆಮೇಲೆ ಆಟೋದವರು ಹೇಳಿದ್ದೇ ರೇಟು. ಒಂದು ಹಳೆ ಬೈಕ್ ತಗೊಂಡುಬಿಡೋಣ ಅಂತ ಕಳೆದ ವರ್ಷ ಮೊಬೈಲ್‌ನಲ್ಲಿ ಹುಡುಕೋಕೆ ಕೂತೆ. ಜೇಬಿನಲ್ಲಿದ್ದದ್ದು ನಲವತ್ತು ಸಾವಿರ.

ಮೂರನೇ ದಿನಕ್ಕೇ ಸಿಕ್ಕಿತು. 2021ರ ಸ್ಪ್ಲೆಂಡರ್ ಪ್ಲಸ್, ಹನ್ನೊಂದು ಸಾವಿರ ಕಿಲೋಮೀಟರ್ ಓಡಿದ್ದು, 22,000ಕ್ಕೆ. ಊರು ಬೀದರ್. ಫೋನ್ ಮಾಡಿದರೆ ಆ ಕಡೆಯವನು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. ಏರ್‌ಫೋರ್ಸ್‌ನಲ್ಲಿ ಇದ್ದಾನಂತೆ, ಅಸ್ಸಾಂಗೆ ಟ್ರಾನ್ಸ್‌ಫರ್ ಆಗಿದೆಯಂತೆ, ಬೈಕ್ ಅಷ್ಟು ದೂರ ಯಾರು ಒಯ್ಯುತ್ತಾರೆ ಅಂದ. ಯೂನಿಫಾರಂ ಹಾಕಿದ ಫೋಟೋ, ಕ್ಯಾಂಟೀನ್ ಕಾರ್ಡ್, ಆಧಾರ್, ಆರ್‌ಸಿ ಎಲ್ಲಾ ವಾಟ್ಸಾಪ್‌ಗೆ ಬಂದವು. ನಮ್ಮ ಕಡೆ ಬೀದರ್ ಏರ್‌ಫೋರ್ಸ್ ಅಂದರೆ ಮಕ್ಕಳಿಗೂ ಗೊತ್ತು. ಸೂರ್ಯಕಿರಣ್ ವಿಮಾನಗಳು ಅಲ್ಲಿಯವೇ. ಹೀಗಾಗಿ ಅನುಮಾನ ಬರಲಿಲ್ಲ. ಸೈನಿಕರ ಹತ್ತಿರ ಚೌಕಾಸಿ ಮಾಡೋಕೂ ನಾಚಿಕೆಯಾಯಿತು.

ಬೈಕನ್ನು ಕ್ಯಾಂಪಿನ ವಾಹನದಲ್ಲೇ ಕಲಬುರಗಿಗೆ ಕಳಿಸುತ್ತೇನೆ, ಗೇಟ್ ಪಾಸ್ ಮತ್ತು ಪಾರ್ಸಲ್‌ಗೆ 2,100 ಹಾಕಿ, ಗಾಡಿ ಕೈಗೆ ಬಂದಾಗ ಮುರಿದುಕೊಳ್ಳಿ ಅಂದ. ಹಾಕಿದೆ. ಪಾರ್ಸಲ್ ನನ್ನ ಹೆಸರಿಗೆ ಮಾಡಬೇಕು ಅಂತ ಆಧಾರ್ ಕೇಳಿದ, ಕೊಟ್ಟೆ. ಕೆಲಸದ ಐಡಿ ಕೇಳಿದ, ಅದನ್ನೂ ಕೊಟ್ಟೆ. ಸ್ವಲ್ಪ ಹೊತ್ತಿಗೆ ಗುಂಡನೆಯ ಸೀಲ್ ಹಾಕಿದ ಒಂದು ಬಿಲ್ಟಿ, ಅಂದರೆ ಸರಕು ಕಳಿಸಿದ ರಸೀದಿ, ಬಂತು. ದಿನಕ್ಕೆ ಹತ್ತು ಬಿಲ್ಟಿ ನೋಡುವವನು ನಾನು. ಆ ಬಿಲ್ಟಿಯಲ್ಲಿ ಲಾರಿ ನಂಬರೇ ಇರಲಿಲ್ಲ. ಆದರೂ ಕಣ್ಣು ಅಲ್ಲಿಗೆ ಹೋಗಲಿಲ್ಲ ನೋಡಿ.

ಮರುದಿನ ಮತ್ತೆ ಫೋನ್. ಈಗ ದಾರಿಯ ಇನ್ಶೂರೆನ್ಸ್‌ಗೆ 6,150 ಬೇಕಂತೆ, ಅದೂ ವಾಪಸ್ ಬರುತ್ತದಂತೆ. ಅಷ್ಟು ನನ್ನ ಖಾತೆಯಲ್ಲಿ ಆ ಹೊತ್ತಿಗೆ ಇರಲಿಲ್ಲ. ಜಾಣತನದಿಂದ ಅಲ್ಲ, ಖಾತೆಯಲ್ಲಿ ದುಡ್ಡಿಲ್ಲದ್ದಕ್ಕೆ ಹೇಳಿದೆ: 'ಸರ್, ಬೀದರ್‌ನಲ್ಲಿ ನಮ್ಮ ಸೋದರಮಾವ ಇದ್ದಾರೆ. ಅವರು ಬಂದು ಗಾಡಿ ತಗೊಳ್ತಾರೆ, ಪಾರ್ಸಲ್ ಬೇಡ.' ಸಿವಿಲಿಯನ್‌ಗಳನ್ನು ಒಳಗೆ ಬಿಡಲ್ಲ ಅಂದ. ಒಳಗೆ ಬೇಡ, ನೀವೇ ಗೇಟಿನ ಹೊರಗೆ ತನ್ನಿ ಅಂದೆ. ಒಂದು ನಿಮಿಷ ಸದ್ದಿಲ್ಲ. ಆಮೇಲೆ ಮರ್ಯಾದೆಯೆಲ್ಲಾ ಹೋಯಿತು. ಗವರ್ನಮೆಂಟ್ ಪಾರ್ಸಲ್ ಕ್ಯಾನ್ಸಲ್ ಮಾಡಿದರೆ ಕೇಸ್ ಆಗುತ್ತದೆ ಅಂತ ಚೀರಿದ. ಆಗ ತಲೆಗೆ ಹತ್ತಿತು.

ಬೈಕಿನ ಫೋಟೋ ಮತ್ತೆ ತೆಗೆದು ದೊಡ್ಡದು ಮಾಡಿ ನೋಡಿದೆ. ಕೆಂಪು ಮಣ್ಣಿತ್ತು. ಅದರಿಂದ ಏನೂ ಗೊತ್ತಾಗಲ್ಲ, ನಮ್ಮದು ಎರೆ ನೆಲವಾದರೂ ಬೀದರ್‌ನದು ಕೆಂಪೇ. ಆದರೆ ಹಿಂದಿನ ಅಂಗಡಿ ಶಟರ್ ಮೇಲೆ ಅರ್ಧ ಕಾಣುತ್ತಿದ್ದ ಅಕ್ಷರ ತಮಿಳು. ಆರ್‌ಸಿಯಲ್ಲಿದ್ದ ನಂಬರನ್ನು ಗಾಡಿ ವಿವರ ತೋರಿಸುವ ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ಅದು ಒಂದು ಸ್ಕೂಟರ್. ಎರಡೇ ನಿಮಿಷದ ಕೆಲಸ. ದುಡ್ಡು ಹಾಕುವ ಮೊದಲು ಮಾಡಬೇಕಿತ್ತು, ಅಲ್ವಾ?

ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಬರೆಸಿದೆ. ಅಷ್ಟೊತ್ತಿಗೆ ನನ್ನ ದುಡ್ಡು ಆ ಖಾತೆಯಿಂದ ಮುಂದಕ್ಕೆ ಹೋಗಿಯಾಗಿತ್ತು. ಬೇಗ ಹೇಳಿದರೆ ಖಾತೆಯಲ್ಲಿ ಇರುವಾಗಲೇ ತಡೆಹಿಡಿಯೋಕೆ ಬರುತ್ತದೆ. ತಡ ಮಾಡಿದ್ದು ನಾನೇ.

ಆಮೇಲೆ ಒಂದೇ ಹಟ ಹಿಡಿದೆ. ಬಸ್ಸು ಹತ್ತಿ ಹೋಗಿ ನೋಡಿ ಸಂಜೆಗೆ ಮನೆಗೆ ಬರುವಷ್ಟು ದೂರದ ಬೈಕ್ ಮಾತ್ರ. ಫೋನ್‌ನಲ್ಲಿ ರೇಟ್ ಕೇಳುವ ಮೊದಲೇ 'ಯಾವಾಗ ಬರ್ಲಿ?' ಅಂತ ಕೇಳುತ್ತಿದ್ದೆ. ಹತ್ತು ಜನಕ್ಕೆ ಫೋನ್ ಮಾಡಿದರೆ ನಾಲ್ಕು ಜನ ಅಲ್ಲಿಗೇ ಬಿಟ್ಟುಹೋಗುತ್ತಿದ್ದರು. ಟೋಕನ್ ಅಡ್ವಾನ್ಸ್ ಐನೂರಾದರೂ ಹಾಕಿ, ಇಲ್ಲಾಂದ್ರೆ ಬೇರೆಯವರಿಗೆ ಹೋಗುತ್ತೆ ಅನ್ನುವವರು ಇನ್ನಿಬ್ಬರು. ಹೋಗಲಿ ಬಿಡಿ ಅಂತಿದ್ದೆ.

ಎದುರಿಗೆ ಸಿಗುವವರೆಲ್ಲಾ ಸಾಚಾ ಅಂತೇನಿಲ್ಲ. ಹುಮನಾಬಾದ್ ರಿಂಗ್ ರೋಡ್ ಹತ್ತಿರ ಒಬ್ಬ 18,000ಕ್ಕೆ ಗಾಡಿ ತೋರಿಸಿದ. ಜಹೀರಾಬಾದ್ ಕಡೆಯಿಂದ ಬಂದ ತೆಲಂಗಾಣ ನಂಬರ್. ಆರ್‌ಸಿಯಲ್ಲಿ ಬೇರೆಯವರ ಹೆಸರು. 'ನಮ್ಮ ಭಾವಂದೇ ರೀ, ಗಾಡಿ ಛಲೋ ಅದ' ಅಂದ. ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಕೇಳಿದರೆ ಅದೆಲ್ಲಾ ಯಾರ್ ಕೇಳ್ತಾರ್ರೀ ಅಂತ ನಕ್ಕ. ಆ ಊರಿನ ಆರ್‌ಟಿಒದಿಂದ ಎನ್‌ಒಸಿ ಬಾರದೆ ಇಲ್ಲಿ ನಮ್ಮ ಹೆಸರಿಗೆ ಆಗುವುದೇ ಇಲ್ಲ, ಮೇಲೆ ಇಲ್ಲಿಯ ರೋಡ್ ಟ್ಯಾಕ್ಸ್ ಬೇರೆ ಕಟ್ಟಬೇಕು. ನನ್ನ ಜೊತೆ ಬಂದಿದ್ದ ಬೈಕ್ ರಿಪೇರಿ ಮಿಸ್ತ್ರಿ ಅಷ್ಟೊತ್ತಿಗೆ ಹ್ಯಾಂಡಲ್ ಕೆಳಗೆ ಬಗ್ಗಿ ಚಾಸಿ ನಂಬರ್ ನೋಡುತ್ತಿದ್ದ. ಗಾಡಿಯೆಲ್ಲಾ ಮಾಸಿದೆ, ಅಲ್ಲಿ ಮಾತ್ರ ಹೊಸ ಕಪ್ಪು ಪೇಂಟ್. ಆತ ಏನೂ ಹೇಳಲಿಲ್ಲ, ನನ್ನ ಅಂಗಿ ಎಳೆದ. ಹೊರಟುಬಿಟ್ಟೆವು.

ಈ ಮಿಸ್ತ್ರಿಗೆ ಸಲಕ್ಕೆ ಮುನ್ನೂರು ರೂಪಾಯಿ, ಒಂದು ಪ್ಲೇಟ್ ಸುಸಲಾ ಮಿರ್ಚಿ. ಅದಕ್ಕಿಂತ ಒಳ್ಳೆ ಖರ್ಚು ನಾನು ಮಾಡಿಲ್ಲ.

ಕೊನೆಗೆ ಸಿಕ್ಕಿದ್ದು ಆಳಂದದಲ್ಲಿ. 2019ರ ಸ್ಪ್ಲೆಂಡರ್, ಕೆಎ-32, ಹೇಳಿದ ಬೆಲೆ 41,000. ಮೊದಲ ಬಸ್ಸಿಗೆ ಹೋಗಿ ಏಳೂವರೆಗೆ ಮನೆ ಮುಂದೆ ಇಳಿದೆವು. ಬರುತ್ತೇವೆ, ಆದರೆ ಗಾಡಿ ಚಾಲು ಮಾಡಿ ಇಡಬೇಡಿ ಅಂತ ಮೊದಲೇ ಹೇಳಿದ್ದೆ. ಮಿಸ್ತ್ರಿ ಮೊದಲು ಮಾಡಿದ್ದು ಇಂಜಿನ್ ಮೇಲೆ ಅಂಗೈ ಇಟ್ಟಿದ್ದು. ತಣ್ಣಗಿತ್ತು. ಬಿಸಿ ಇಂಜಿನ್ ತನ್ನ ರೋಗ ಮುಚ್ಚಿಡುತ್ತದೆ ಅನ್ನುತ್ತಾನೆ ಆತ. ಎರಡನೇ ಕಿಕ್‌ಗೆ ಎದ್ದಿತು, ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಇಲ್ಲ. ಮೀಟರ್ 34,000 ತೋರಿಸುತ್ತಿತ್ತು. ಫುಟ್‌ರೆಸ್ಟ್ ರಬ್ಬರ್, ಗೇರ್ ಪೆಡಲ್ ಅಷ್ಟಕ್ಕೆ ತಕ್ಕಂತೆ ಸವೆದಿದ್ದವು. ಹಿಂದೊಂದು ಕಡೆ ಮೀಟರ್ 18,000 ಇದ್ದು ರಬ್ಬರ್ ಬೋಳಾಗಿದ್ದ ಗಾಡಿ ನೋಡಿದ್ದೆ.

ಆಮೇಲೆ ಸೀಮೆಎಣ್ಣೆ ಬಟ್ಟೆಯಿಂದ ಚಾಸಿ ನಂಬರ್ ಒರೆಸಿ, ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದ. ಅಕ್ಷರಗಳು ಒಂದೊಂದೇ ಬಿಳಿಯಾಗಿ ಎದ್ದು ಬಂದವು. ನಾನು ಆರ್‌ಸಿ ಹಿಡಿದು ಓದಿದೆ, ಆತ ಕಾಗದ ಹಿಡಿದು ಓದಿದ. ಮದುವೆಯಲ್ಲಿ ಮುಯ್ಯಿ ಪಟ್ಟಿ ಓದಿದ ಹಾಗೆ. ಒಂದಕ್ಕೊಂದು ಹೊಂದಿತು.

ಆದರೂ ಅಂದು ತಗೊಳ್ಳಲಿಲ್ಲ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಕೂತಿತ್ತು. ಸಾಲ ತೀರಿಸಿ ಎರಡು ವರ್ಷ ಆಯ್ತು ಅಂದರು ಯಜಮಾನರು. ಸುಳ್ಳಲ್ಲ, ಆದರೆ ಬ್ಯಾಂಕಿನ ಎನ್‌ಒಸಿ ತಂದು ಫಾರಂ 35 ಕೊಟ್ಟು ಆ ಹೆಸರು ತೆಗೆಸಿರಲಿಲ್ಲ. ಬಹಳ ಜನ ಇದನ್ನು ಹಾಗೇ ಬಿಟ್ಟಿರುತ್ತಾರೆ. ತೆಗೆಸಿದ ಮೇಲೆ ಬರ್ತೀನಿ ಅಂದೆ. ಮೂರು ವಾರ ಹಿಡಿಯಿತು. ಗಾಡಿ ಹೊಸದಿದ್ದಾಗ ಮಾಡಿಸಿದ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮುಗಿದಿತ್ತು, ಅದನ್ನು ತೋರಿಸಿ 38,500ಕ್ಕೆ ಇಳಿಸಿದೆ. ದುಡ್ಡು ಅವರ ಕಟ್ಟೆ ಮೇಲೆ ಕೂತೇ ಕಳಿಸಿದೆ. ಫೋನ್‌ನಲ್ಲಿ ಬಂದ ಹೆಸರೂ ಆರ್‌ಸಿ ಹೆಸರೂ ಒಂದೇನಾ ಅಂತ ನೋಡಿಯೇ ಪಿನ್ ಒತ್ತಿದ್ದು. ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಆಯಿತು. ರಸೀದಿಯಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆದೆವು. ಅಂದು ಬೆಳಿಗ್ಗೆ ಎಲ್ಲಾದರೂ ಚಲನ್ ಬಿದ್ದಿದ್ದರೆ ಅದು ಅವರದು, ಮಧ್ಯಾಹ್ನದ ಮೇಲಿನದು ನನ್ನದು. ಇನ್ಶೂರೆನ್ಸ್ ಮಾಡಿಸಿದ ಮೇಲೆಯೇ ಗಾಡಿ ಆಳಂದ ಬಿಟ್ಟಿತು.

ಇದಾಗಿ ನಾಲ್ಕು ತಿಂಗಳಿಗೆ ಮಿಲ್ ಆಫೀಸಿನ ಲ್ಯಾಂಡ್‌ಲೈನ್‌ಗೆ ಒಂದು ಫೋನ್ ಬಂತು. ಹುಬ್ಬಳ್ಳಿಯವರು. ನನ್ನ ಹೆಸರು ಹೇಳಿ, ಇಂಥವರು ನಿಮ್ಮಲ್ಲಿ ಕೆಲಸ ಮಾಡ್ತಾರಾ, ಸ್ಪ್ಲೆಂಡರ್ ಮಾರ್ತಿದಾರೆ, ಐಡಿ ಕಾರ್ಡ್ ಕಳಿಸಿದಾರೆ, ಅದರ ಮೇಲೆ ಈ ನಂಬರ್ ಇತ್ತು ಅಂದರು. ನನ್ನ ಕೈ ತಣ್ಣಗಾಯಿತು. ನಾನೇ ಅವನು, ನಾನು ಯಾವ ಬೈಕೂ ಮಾರ್ತಿಲ್ಲ ಅಂದೆ. ಆ ಕಡೆ ಉಸಿರು ಬಿಟ್ಟ ಸದ್ದು. 'ಎರಡು ಸಾವಿರದ ನೂರು ಹಾಕೀನ್ರಿ' ಅಂದರು.

ಹಾಕಿ ಎಷ್ಟು ಹೊತ್ತಾಯಿತು ಅಂತ ಕೇಳಿದೆ.

'ಅರ್ಧ ತಾಸು.'

'ಹಾಗಾದರೆ ನನ್ನ ಜೊತೆ ಮಾತಾಡಬೇಡಿ. ಫೋನ್ ಇಡಿ, ಈಗಲೇ 1930ಕ್ಕೆ ಹಚ್ಚಿ' ಅಂದೆ.