ಎಂಪಿಯು-6050ರಲ್ಲಿ ನಿಧಾನ ಕಂಪನ ಗದ್ದಲದಲ್ಲಿ ಮುಳುಗುತ್ತಿದ್ದರೆ

ಸುಮಾರು 6 ಹರ್ಟ್ಸ್‌ನ, ಅರ್ಧ ಮಿಲಿ-ಜಿಯಷ್ಟು (ಜಿ ಅಂದರೆ ಗುರುತ್ವದ ವೇಗೋತ್ಕರ್ಷ, ಮಿಲಿ-ಜಿ ಅದರ ಸಾವಿರದಲ್ಲೊಂದು ಪಾಲು) ಕಂಪನವನ್ನು ಎಂಪಿಯು-6050 ಎಂಬ ಚಲನೆ ಅಳೆಯುವ ಸೆನ್ಸರ್ ಚಿಪ್‌ನಿಂದ ಅಳೆಯಬೇಕಿತ್ತು. ಸೆನ್ಸರ್ ಅಲುಗಾಡದಿದ್ದರೂ ರೀಡಿಂಗ್ 6 ಮಿಲಿ-ಜಿ ಆಸುಪಾಸಿನಲ್ಲಿ ಕುಣಿಯುತ್ತಿತ್ತು.

ವೈರ್ ಗಿಡ್ಡ ಮಾಡಿದೆ, ಕೆಪಾಸಿಟರ್ ಹಾಕಿದೆ, ಬ್ಯಾಟರಿಯಲ್ಲಿ ಓಡಿಸಿದೆ, ಲೋಹದ ಡಬ್ಬಿಯಲ್ಲಿಟ್ಟೆ. ಏನೂ ಬದಲಾಗಲಿಲ್ಲ. ಈ ಗದ್ದಲ (ನಾಯ್ಸ್) ಹೊರಗಿನದ್ದಲ್ಲ: ಚಿಪ್ ಒಳಗಿನ ಪುಟ್ಟ ತೂಕವನ್ನು ಗಾಳಿಯ ಅಣುಗಳು ತಳ್ಳುತ್ತಲೇ ಇರುತ್ತವೆ, ಒಳಗಿನ ಆಂಪ್ಲಿಫೈಯರ್ ತನ್ನ ಪಾಲು ಸೇರಿಸುತ್ತದೆ. ಡೇಟಾಶೀಟ್ ಪ್ರಕಾರ ಪ್ರತಿ √ಹರ್ಟ್ಸ್‌ಗೆ 400 ಮೈಕ್ರೋ-ಜಿ. ಚಿಪ್‌ನ ಫಿಲ್ಟರ್ ಮುಟ್ಟದಿದ್ದರೆ ಬ್ಯಾಂಡ್‌ವಿಡ್ತ್ (ಅದು ಹಾದುಹೋಗಲು ಬಿಡುವ ಆವರ್ತನಗಳ ಹರವು) 260 ಹರ್ಟ್ಸ್. 400 × √260 ಅಂದರೆ ಸುಮಾರು 6.4 ಮಿಲಿ-ಜಿ. ಲೆಕ್ಕ ಸರಿಯಾಗಿ ಕೂತಿತು.

ಹಾಗಾಗಿ ಬ್ಯಾಂಡ್‌ವಿಡ್ತನ್ನೇ ಕತ್ತರಿಸಿದೆ. ರಿಜಿಸ್ಟರ್ (ಚಿಪ್‌ನ ಸೆಟ್ಟಿಂಗ್ ಬರೆಯುವ ಜಾಗ) ಸಂಖ್ಯೆಗಳು ದಶಮಾಂಶದಲ್ಲಿವೆ, ಇದೇ ಕ್ರಮದಲ್ಲಿ ಬರೆಯಿರಿ: 107ಕ್ಕೆ 1 (ನಿದ್ದೆಯಿಂದ ಎಬ್ಬಿಸಲು), 26ಕ್ಕೆ 5 (10 ಹರ್ಟ್ಸ್ ಫಿಲ್ಟರ್), 25ಕ್ಕೆ 9 (ಸೆಕೆಂಡಿಗೆ 100 ಸ್ಯಾಂಪಲ್), 28ಕ್ಕೆ 0 (±2 ಜಿ). ಫಿಲ್ಟರ್ ಹಾಕದೆ ಬರೀ ಸ್ಯಾಂಪಲ್ ವೇಗ ಇಳಿಸಬೇಡಿ. ಮೇಲಿನ ಆವರ್ತನಗಳ ಗದ್ದಲವೆಲ್ಲ ಮಡಚಿಕೊಂಡು ಕೆಳಗಿನ ಆವರ್ತನಗಳಿಗೆ ಬರುತ್ತದೆ. ನಾನು ಹೆಚ್ಚು ದಿನ ಕಳೆದದ್ದು ಇಲ್ಲಿಯೇ.

ಗದ್ದಲ 1.3 ಮಿಲಿ-ಜಿಗೆ ಇಳಿಯಿತು. ಆಮೇಲೆ ಸರಾಸರಿ ಕಳೆದು, 1024 ಸ್ಯಾಂಪಲ್‌ಗೆ ಹ್ಯಾನ್ ವಿಂಡೋ (ಎರಡೂ ತುದಿಗಳನ್ನು ನಯವಾಗಿ ಸೊನ್ನೆಗಿಳಿಸುವ ಗುಣಕ) ಹಾಕಿ ಎಫ್‌ಎಫ್‌ಟಿ (ಸಂಕೇತವನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಮಾಡಿದೆ. ಒಂದೊಂದು ಬಿನ್ (ಆವರ್ತನದ ತುಂಡು) 0.1 ಹರ್ಟ್ಸ್ ಅಗಲ, ಅದರ ಪಾಲಿನ ಗದ್ದಲ 0.15 ಮಿಲಿ-ಜಿ ಆಸುಪಾಸು. 6 ಹರ್ಟ್ಸ್ ಶಿಖರ ಎದ್ದು ಕಂಡಿತು.