ಇಬ್ಬರು ನಿರ್ದೇಶಕರನ್ನು ಹೋಲಿಸಿ ನೋಡುವುದು ಹೇಗೆ?

ಮೊದಲು ಕಲೆಕ್ಷನ್ ಲೆಕ್ಕ ಬಿಡಿ. ಹೇಮಂತ್ ರಾವ್, ರಾಜ್ ಬಿ. ಶೆಟ್ಟಿ ಇಬ್ಬರನ್ನೇ ತಗೊಳ್ಳಿ. ಇಬ್ಬರ ಮೊದಲ ಸಿನಿಮಾಗಳನ್ನು ಒಂದೇ ವಾರದಲ್ಲಿ ನೋಡಿ: 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’, 2017ರ ‘ಒಂದು ಮೊಟ್ಟೆಯ ಕಥೆ’. ಒಂದರಲ್ಲಿ ಮರೆವಿನ ಕಾಯಿಲೆಯ ಅಪ್ಪ ಕಳೆದುಹೋಗುತ್ತಾರೆ. ಇನ್ನೊಂದರಲ್ಲಿ ಬೋಳುತಲೆಯ ಕನ್ನಡ ಮೇಷ್ಟ್ರು ಹೆಣ್ಣು ಹುಡುಕುತ್ತಾರೆ.

ಆಮೇಲೆ ಒಂದೊಂದೇ ದೃಶ್ಯವನ್ನು ಸೌಂಡ್ ಆಫ್ ಮಾಡಿ ನೋಡಿ. ರಾಜ್ ಅವರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಶಿವ ಎಂಬ ಪಾತ್ರದ ಕುಣಿತವನ್ನು ನಾನು ಹಾಗೆ ನೋಡಿದೆ. ಹಾಡಿಲ್ಲದೆಯೂ ಮೈ ಜುಮ್ಮೆಂದಿತು. ಹೇಮಂತ್ ಅವರ ‘ಸಪ್ತ ಸಾಗರದಾಚೆ ಎಲ್ಲೋ’ದಲ್ಲಿ ನಾಯಕ ಮನು ಕ್ಯಾಸೆಟ್ ಕೇಳುವಾಗ ಸೌಂಡ್ ತೆಗೆದರೆ ಜೀವವೇ ಹೋದಂತೆ. ಹೇಮಂತ್ ದನಿಯಲ್ಲೇ ಕಥೆ ಹೇಳುತ್ತಾರೆ, ಅಲ್ವಾ?

ಇನ್ನೊಂದು ವಿಷಯ. ಶಿವನಾಗಿ ಕುಣಿದಿದ್ದು ರಾಜ್ ಅವರೇ. ಹೇಮಂತ್ ಬೇರೆ ನಟರಿಂದ ಕೆಲಸ ತೆಗೆಯುತ್ತಾರೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.